ಹೋಮ್‌ವರ್ಕ್ ಅಂದ ಕೂಡಲೇ ಹೊಟ್ಟೆನೋವು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಕಾರವಾರದ ಹತ್ತಿರದ ಊರು. ಹುಡುಗ ನಾಲ್ಕನೇ ಕ್ಲಾಸು, ತಾಯಿ ಮೀನು ಮಾರುತ್ತಾರೆ, ತಂದೆ ಟ್ರಾಲರ್ ಬೋಟಿನಲ್ಲಿ ಮೀನು ಹಿಡಿಯುತ್ತಾರೆ. ಸಂಜೆ ಪುಸ್ತಕ ತೆಗಿ ಅಂದರೆ ಇವನಿಗೆ ಹೊಟ್ಟೆನೋವು. ಡಾಕ್ಟರ್ ನೋಡಿ ಏನೂ ಇಲ್ಲ ಅಂದಿದ್ದರು. "ಬರೀ ಸೋಮಾರಿ, ಸ್ವಲ್ಪ ಹೆದರಿಸಿ" ಅಂತ ತಾಯಿ ಸಲಹೆಗೆ ನನ್ನ ಹತ್ತಿರ ಕರೆದುಕೊಂಡು ಬಂದರು. ಹೆದರಿಸೋದು ನನ್ನ ಕೆಲಸ ಅಲ್ಲ ಅಂತ ಒಪ್ಪಿಸೋಕೇ ಹತ್ತು ನಿಮಿಷ ಹೋಯಿತು.

ನೋಟ್‌ಬುಕ್ ತೆಗೆಸಿದೆ. ಮಗ್ಗಿ, ಕೂಡೋದು, ಕಳೆಯೋದು ಎಲ್ಲ ಸರಿ. ಹೇಳಿಕೆ ಲೆಕ್ಕ ಬಂದಲ್ಲೆಲ್ಲ ಹಾಳೆ ತೂತಾಗುವಷ್ಟು ಅಳಿಸಿದ ಗುರುತು. ಸುಮ್ನೆ ಕೇಳಿದೆ: 50 ಬಾಂಗಡೆ ಮೀನು, ಆರಾರರ ಪಾಲು ಹಾಕಿದರೆ? "ಎಂಟು ಪಾಲು, ಎರಡು ಉಳೀತದೆ." ಥಟ್ಟನೆ ಬಂತು ಉತ್ತರ. ನೋಟ್‌ಬುಕ್ಕಿನಲ್ಲಿ ಅಂಥದ್ದೇ ಲೆಕ್ಕದ ಕೊನೆಗೆ "ಶೇಷವೆಷ್ಟು?" ಅಂತ ಇತ್ತು. ಮನೆಯಲ್ಲಿ ಕೊಂಕಣಿ ಆಡುವ ಹುಡುಗ, ನನ್ನನ್ನೇ ಕೇಳಿದ, "ಶೇಷ ಅಂದ್ರೆ ಹಾವು ಅಲ್ವಾ?"

ತಾಯಿ ನಗಲಿಲ್ಲ. "ನಾನೂ ಶಾಲೆ ಅರ್ಧಕ್ಕೇ ಬಿಟ್ಟವಳು, ಹೇಳಿಕೊಡೋಕೆ ಬರೋದಿಲ್ಲ, ಅದಕ್ಕೇ ಸಿಟ್ಟು ಬರ್ತದೆ" ಅಂದರು. ಇಡೀ ಮಾತುಕತೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ.

ರಾತ್ರಿ ಎರಡೆರಡು ಗಂಟೆ ಕೂರಿಸುತ್ತಿದ್ದರಂತೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ 3ರಿಂದ 5ನೇ ಕ್ಲಾಸಿಗೆ ಹೇಳುವುದೇ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಹೋಮ್‌ವರ್ಕ್! ಅದಕ್ಕೇ ಹೇಳಿದೆ, ಆಡಿ ಬಂದು ತಿಂಡಿ ತಿಂದ ಮೇಲೆ ಅರ್ಧ ಗಂಟೆ, ಅಷ್ಟೇ. ಮೊದಲು ಸುಲಭದ್ದು. ಹೇಳಿಕೆ ಲೆಕ್ಕ ಇದ್ದರೆ ಗಟ್ಟಿಯಾಗಿ ಓದಿ, ಅದನ್ನೇ ಕೊಂಕಣಿಯಲ್ಲಿ ಅಮ್ಮನಿಗೆ ಹೇಳಬೇಕು, ಆಮೇಲೆ ಬರೆಯಬೇಕು. ಅರ್ಥವಾಗದ ಪದಕ್ಕೆ ಸುತ್ತು ಹಾಕಿ ಬಿಟ್ಟುಬಿಡಲಿ, ಬೆಳಿಗ್ಗೆ ಟೀಚರ್ ಹತ್ತಿರ ಕೇಳಲಿ. ರಬ್ಬರು ಮಾತ್ರ ನಿಮ್ಮ ಕೈಯಲ್ಲಿ ಬೇಡ. ಟೀಚರಿಗೂ ಒಂದು ಚೀಟಿ ಬರೆದುಕೊಟ್ಟೆ, ಸುತ್ತು ಹಾಕಿದ್ದನ್ನು ತಪ್ಪು ಅಂತ ಎಣಿಸಬೇಡಿ ಅಂತ.

ಇದು ಜೂನ್ ತಿಂಗಳು. ಜುಲೈ 31ರವರೆಗೆ ಟ್ರಾಲರ್ ಮೀನುಗಾರಿಕೆಗೆ ನಿಷೇಧ, ತಂದೆ ಮನೆಯಲ್ಲೇ ಇದ್ದರು. ಅವರು ಬಲೆ ರಿಪೇರಿ ಮಾಡುವಾಗ ಹುಡುಗ ಪಕ್ಕದಲ್ಲೇ ಕೂತು ಬರೆಯುತ್ತಿದ್ದ, ಇಬ್ಬರಿಗೂ ಮಾತಿಲ್ಲ. ನಾನು ಹೇಳಿಕೊಡದ ಉಪಾಯ ಇದು, ನನ್ನ ಎಲ್ಲ ಸಲಹೆಗಿಂತ ಜಾಸ್ತಿ ಕೆಲಸ ಮಾಡಿತು.

ಆಗಸ್ಟಿನಲ್ಲಿ ತಂದೆ ಕಡಲಿಗೆ ಹೋದರು, ಎರಡು ದಿನ ಹೊಟ್ಟೆನೋವು ವಾಪಸ್ ಬಂತು. ಮೂರನೇ ದಿನ ತಾಯಿ ಸೀಗಡಿ ಬುಟ್ಟಿ ತಂದು ಅದೇ ಜಾಗದಲ್ಲಿ ಸುಲಿಯುತ್ತಾ ಕೂತರಂತೆ.