ಎರಡು ಡಿಸ್ಕ್ ಪೆಟ್ಟಿಗೆಯೊಳಗೆ, ಮೂರನೆಯದು ಊರಾಚೆ

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರದ ಊರು. ಅಪ್ಪನಿಗೆ ಯಕ್ಷಗಾನದ ಹುಚ್ಚು. ರಾತ್ರಿಯಿಡೀ ಕೂತು ಅವರು ರೆಕಾರ್ಡ್ ಮಾಡಿದ ಸುಮಾರು 120 ಮಿನಿ ಡಿವಿ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದೇನೆ. ಮನೆಯ ಫೋಟೊ, ಮೊಬೈಲ್ ವಿಡಿಯೊ ಎಲ್ಲ ಸೇರಿ 5 ಟಿಬಿ ಆಗಿದೆ. ವರ್ಷಕ್ಕೆ ಇನ್ನೊಂದು ಟಿಬಿ ಸೇರುತ್ತದೆ. ನಾಲ್ಕನೇ ತಲೆಮಾರಿನ ಹಳೆಯ ಐ5 ಡೆಸ್ಕ್‌ಟಾಪ್ ಇದೆ, 8 ಜಿಬಿ ಮೆಮೊರಿ. ಅದಕ್ಕೆ ಟ್ರೂನಾಸ್ (ಕಂಪ್ಯೂಟರನ್ನು ಮನೆಯವರೆಲ್ಲ ಬಳಸುವ ಫೈಲ್ ಸರ್ವರ್ ಮಾಡುವ ತಂತ್ರಾಂಶ) ಹಾಕಿ, 4 ಟಿಬಿಯ ನಾಲ್ಕು ಡಿಸ್ಕ್ ಕೊಂಡು ರೇಡ್-ಜೆಡ್1 (ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವ ಜೋಡಣೆ) ಮಾಡುವ ಯೋಚನೆ. ಟಿಬಿಗೆ 1 ಜಿಬಿ ಮೆಮೊರಿ ಬೇಕೇ ಬೇಕು, ಅದೂ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿಯೇ ಆಗಬೇಕು ಅನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸರ್ವರ್‌ನಿಂದ ಬಿಚ್ಚಿದ 32 ಜಿಬಿ ಇಸಿಸಿ ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಲೇ ಸರ್?

ಉತ್ತರ: ಬೇಡ. ಅಗ್ಗಕ್ಕೆ ಸಿಗುವ ಆ ಸರ್ವರ್ ಮೆಮೊರಿ ಬಹುತೇಕ ರಿಜಿಸ್ಟರ್ಡ್ ಜಾತಿಯದು. ನಿಮ್ಮ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಕೂರಿಸಿದರೆ ಯಂತ್ರ ಬೂಟೇ ಆಗುವುದಿಲ್ಲ. ರಿಜಿಸ್ಟರ್ಡ್ ಅಲ್ಲದ ಇಸಿಸಿ ಸಿಕ್ಕರೂ ನಿಮ್ಮ ಐ5ಗೆ ಇಸಿಸಿ ಸೌಲಭ್ಯವೇ ಇಲ್ಲ. ಇಸಿಸಿ ಇದ್ದರೆ ಒಳ್ಳೆಯದು, ನಿಜ. ಇಲ್ಲದಿದ್ದರೆ ಜೆಡ್‌ಎಫ್‌ಎಸ್ (ಟ್ರೂನಾಸ್ ಡಿಸ್ಕ್‌ಗಳಲ್ಲಿ ಫೈಲ್ ಇಡುವ ವ್ಯವಸ್ಥೆ) ಇಟ್ಟ ಡೇಟಾವನ್ನೆಲ್ಲ ತಿಂದುಬಿಡುತ್ತದೆ ಅನ್ನುವುದು ಮಾತ್ರ ಉತ್ಪ್ರೇಕ್ಷೆ. ಇರುವ ಮೆಮೊರಿಯನ್ನು ಒಂದು ರಾತ್ರಿ ಮೆಮ್‌ಟೆಸ್ಟ್‌ಗೆ ಹಚ್ಚಿ. ಒಂದೇ ಒಂದು ಎರರ್ ಬಂದರೂ ಆ ಸ್ಟಿಕ್ ತೆಗೆದುಹಾಕಿ.

ಟಿಬಿಗೆ 1 ಜಿಬಿ ಅನ್ನುವುದು ಹತ್ತಾರು ಜನ ಒಟ್ಟಿಗೆ ಬಳಸುವ ಕಚೇರಿಗಳಿಗೆ ಹೊಂದುವ ಅಂದಾಜು, ಕಾಯಿದೆ ಅಲ್ಲ. ಟ್ರೂನಾಸ್ ಕೇಳುವ ಕನಿಷ್ಠ ಮೆಮೊರಿ 8 ಜಿಬಿ, ಅದು ನಿಮ್ಮಲ್ಲಿದೆ. ಎರಡು ಟಿವಿ, ನಾಲ್ಕು ಮೊಬೈಲ್ ಇರುವ ಮನೆಗೆ 16 ಜಿಬಿ ಧಾರಾಳ. ಸಾಮಾನ್ಯ ಡಿಡಿಆರ್3 ಸೆಕೆಂಡ್ ಹ್ಯಾಂಡ್ ತಂದು ಅಷ್ಟಕ್ಕೆ ಏರಿಸಿ, ಸಾಕು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಮೆಮೊರಿ ಸದಾ ತುಂಬಿರುವಂತೆ ಕಂಡರೆ ಗಾಬರಿಯಾಗಬೇಡಿ. ಖಾಲಿ ಬಿದ್ದ ಮೆಮೊರಿಯನ್ನು ಜೆಡ್‌ಎಫ್‌ಎಸ್ ಕ್ಯಾಶ್ (ಮತ್ತೆ ಬೇಕಾಗುವ ಡೇಟಾವನ್ನು ಕೈಗೆಟುಕುವಂತೆ ಇಡುವ ಜಾಗ) ಆಗಿ ಬಳಸಿಕೊಳ್ಳುತ್ತದೆ, ಬೇರೆ ಪ್ರೋಗ್ರಾಂ ಕೇಳಿದಾಗ ಬಿಟ್ಟುಕೊಡುತ್ತದೆ. ಒಂದೇ ಡೇಟಾ ಎರಡು ಸಲ ಬಂದರೆ ಒಂದೇ ಪ್ರತಿ ಇಡುವ ಡೀಡೂಪ್ಲಿಕೇಶನ್ ಮಾತ್ರ ಆನ್ ಮಾಡಬೇಡಿ. ಮೆಮೊರಿಯನ್ನು ನಿಜವಾಗಿ ನುಂಗುವುದು ಅದು, ನಿಮ್ಮ ವಿಡಿಯೊಗಳಿಗೆ ಅದರಿಂದ ದಮ್ಮಡಿ ಲಾಭವಿಲ್ಲ. ಕ್ಯಾಶ್‌ಗೆಂದು ಅತಿವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಕೊಳ್ಳುವುದೂ ದಂಡ: ಮನೆಯ ಗಿಗಾಬಿಟ್ ನೆಟ್‌ವರ್ಕ್ ಸೆಕೆಂಡಿಗೆ 110 ಎಂಬಿ ಆಸುಪಾಸಿಗೇ ನಿಲ್ಲುತ್ತದೆ, ದೊಡ್ಡ ಫೈಲುಗಳಿಗೆ ಅಷ್ಟು ವೇಗವನ್ನು ಒಂದೇ ಒಂದು ಹಾರ್ಡ್ ಡಿಸ್ಕ್ ಕೊಡುತ್ತದೆ.

ಇನ್ನು ಡಿಸ್ಕ್. ನಾಲ್ಕು 4 ಟಿಬಿಯಲ್ಲಿ ಒಂದರಷ್ಟು ಜಾಗ ಪ್ಯಾರಿಟಿಗೆ (ಸತ್ತ ಡಿಸ್ಕ್‌ನ ಡೇಟಾ ಮರಳಿ ಪಡೆಯುವ ಲೆಕ್ಕಕ್ಕೆ) ಹೋಗಿ 12 ಟಿಬಿ ಉಳಿಯುತ್ತದೆ. ಕಂಪ್ಯೂಟರ್ ಅದನ್ನು ತೋರಿಸುವುದು ಸುಮಾರು 10.9 ಎಂದು, ಏಕೆಂದರೆ ಕಂಪನಿಯವರು ಸಾವಿರದ ಲೆಕ್ಕ ಹಿಡಿದರೆ ಅದು 1024ರ ಲೆಕ್ಕ ಹಿಡಿಯುತ್ತದೆ. ಪೂಲ್ (ಡಿಸ್ಕ್‌ಗಳೆಲ್ಲ ಸೇರಿ ಆಗುವ ಒಟ್ಟು ಜಾಗ) ಶೇ 80ಕ್ಕಿಂತ ಹೆಚ್ಚು ತುಂಬದಿರಲಿ ಎಂದರೆ ಬಳಕೆಗೆ 8.7. ಈಗ 12 ಟಿಬಿಯ ಎರಡೇ ಡಿಸ್ಕ್ ತಂದು ಮಿರರ್ (ಎರಡರಲ್ಲೂ ಒಂದೇ ಡೇಟಾ) ಮಾಡಿ ನೋಡಿ: ಸಿಗುವ ಜಾಗ ಅದೇ 8.7. ನಿಮ್ಮ ವೇಗದಲ್ಲಿ ತುಂಬಿದರೆ ನಾಲ್ಕು ವರ್ಷಕ್ಕೆ ಅಡ್ಡಿಯಿಲ್ಲ.

ನನ್ನ ಮತ ಮಿರರ್‌ಗೆ. ಒಂದು ಡಿಸ್ಕ್ ಸತ್ತರೆ ಇನ್ನೊಂದರಲ್ಲಿ ಎಲ್ಲವೂ ಇಡಿಯಾಗಿ ಇರುತ್ತದೆ, ಹೊಸದಕ್ಕೆ ನಕಲು ಆದರೆ ಆಯಿತು. ರೇಡ್-ಜೆಡ್1ನಲ್ಲಿ ಉಳಿದ ಮೂರೂ ಒಟ್ಟಿಗೆ ದುಡಿಯಬೇಕು, ಆ ಹೊತ್ತಿನಲ್ಲಿ ಎರಡನೆಯದು ಕೈಕೊಟ್ಟರೆ ಪೂಲೇ ಹೋಯಿತು. ಜಾಗ ಸಾಲದಾದಾಗ ಎರಡನ್ನೂ ಒಂದೊಂದಾಗಿ ದೊಡ್ಡದಕ್ಕೆ ಬದಲಿಸಬಹುದು. ಇನ್ನೊಂದು ಕಾರಣವೂ ಇದೆ. ನಿಮ್ಮ ಕಾಲದ ಅಗ್ಗದ ಬೋರ್ಡುಗಳಲ್ಲಿ, ಎಚ್81 ಚಿಪ್‌ಸೆಟ್‌ನದು ಇದ್ದರೆ ಉದಾಹರಣೆಗೆ, ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಇರುವುದೇ ನಾಲ್ಕು. ಟ್ರೂನಾಸ್‌ಗೆ ಬೂಟ್ ಆಗಲು ಬೇರೆಯೇ ಒಂದು ಸಣ್ಣ ಎಸ್‌ಎಸ್‌ಡಿ ಬೇಕು. ಐದನೆಯದನ್ನು ಎಲ್ಲಿ ಸಿಕ್ಕಿಸುತ್ತೀರಿ?

ಸಣ್ಣ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಕಾಟವೂ ಉಂಟು. ಹೆಂಚು ಹೊದಿಸಿದ ಹಾಗೆ ಒಂದು ಟ್ರ್ಯಾಕಿನ ಅಂಚಿನ ಮೇಲೆ ಇನ್ನೊಂದನ್ನು ಬರೆಯುವ ವಿಧಾನ ಅದು. ನಡುವಿನದೊಂದನ್ನು ತಿದ್ದಬೇಕಾದರೆ ಅದರ ಮೇಲಿನವನ್ನೆಲ್ಲ ಮತ್ತೆ ಬರೆಯಬೇಕು. ದಿನನಿತ್ಯದ ಬಳಕೆಯಲ್ಲಿ ಗೊತ್ತಾಗುವುದಿಲ್ಲ. ಸತ್ತ ಡಿಸ್ಕ್ ಬದಲಿಸಿ ಪೂಲನ್ನು ಮರುಕಟ್ಟುವಾಗ ತೆವಳುತ್ತದೆ, ಕೆಲವೊಮ್ಮೆ ಅರ್ಧಕ್ಕೇ ಕೈಬಿಡುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿಯ ಡಿಸ್ಕ್‌ಗಳಲ್ಲಿ ಹೇಳದೆ ಕೇಳದೆ ಇದನ್ನು ಸೇರಿಸಿದ್ದು ಬಯಲಾಗಿ ಗದ್ದಲವೇ ಆಯಿತು. ಆಮೇಲೆ ಕಂಪನಿ ಸಿಎಂಆರ್ (ಟ್ರ್ಯಾಕುಗಳು ಒಂದರ ಮೇಲೊಂದು ಬಾರದ ವಿಧಾನದ) ಡಿಸ್ಕ್‌ಗಳನ್ನು ರೆಡ್ ಪ್ಲಸ್ ಎಂದು ಬೇರೆ ಮಾಡಿತು. ಅದನ್ನೋ ಸೀಗೇಟ್‌ನ ಐರನ್‌ವುಲ್ಫ್ ಅನ್ನೋ ಆರಿಸಿ, ಮಾಡೆಲ್ ನಂಬರ್ ಹಾಕಿ ಸಿಎಂಆರ್ ಹೌದೇ ಎಂದು ನೋಡಿಯೇ ದುಡ್ಡು ಕೊಡಿ.

ಎರಡು ಡಿಸ್ಕ್‌ಗಿಂತ ನಾಲ್ಕು ಒಟ್ಟಿನಲ್ಲಿ ಅಗ್ಗ ಬಿದ್ದರೂ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನೀವು ಕೇಳದೇ ಬಿಟ್ಟ ಪ್ರಶ್ನೆ: ಬ್ಯಾಕಪ್ ಎಲ್ಲಿ? ರೇಡ್ ಬ್ಯಾಕಪ್ ಅಲ್ಲ. ನಿಮ್ಮ ಕಡೆ ಮಳೆಗಾಲದ ಮೊದಲೂ ಕೊನೆಗೂ ಗುಡುಗು ಸಿಡಿಲು ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕರೆಂಟಿನ ತಂತಿಯಲ್ಲೋ ಡಿಶ್‌ನ ಕೇಬಲಿನಲ್ಲೋ ಒಂದು ಸಿಡಿಲು ಒಳಬಂದರೆ ಪೆಟ್ಟಿಗೆಯಲ್ಲಿರುವುದು ಎರಡೋ ನಾಲ್ಕೋ ಎಂದು ಎಣಿಸುವುದಿಲ್ಲ. ಯಾರೋ ತಪ್ಪಿ ಫೋಲ್ಡರ್ ಅಳಿಸಿದರೆ ಮಿರರ್ ಅದನ್ನು ಎರಡೂ ಕಡೆ ನಿಷ್ಠೆಯಿಂದ ಅಳಿಸುತ್ತದೆ. ಹಾಗಾಗಿ ಅಷ್ಟೇ ದೊಡ್ಡ ಮೂರನೆಯ ಡಿಸ್ಕನ್ನು ಯುಎಸ್‌ಬಿ ಡಾಕ್‌ನಲ್ಲಿ ಹಾಕಿ, ಅದರಲ್ಲೂ ಜೆಡ್‌ಎಫ್‌ಎಸ್ ಮಾಡಿ, ಸ್ನ್ಯಾಪ್‌ಶಾಟ್‌ಗಳನ್ನು (ಫೈಲುಗಳು ಆ ಕ್ಷಣದಲ್ಲಿ ಇದ್ದಂತೆಯೇ ಉಳಿಸಿದ ಪ್ರತಿ) ಅದಕ್ಕೆ ಕಳಿಸಿ. ಮೊದಲ ಸಲ ಬಹಳ ಹೊತ್ತು ಹಿಡಿದೀತು, ಆಮೇಲೆ ಬದಲಾದದ್ದಷ್ಟೇ ಹೋಗುತ್ತದೆ. ಮುಗಿದ ಮೇಲೆ ಪ್ಲಗ್ ಕಿತ್ತು, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿ, ಉಡುಪಿಯಲ್ಲೋ ಮಣಿಪಾಲದಲ್ಲೋ ನೆಂಟರಿದ್ದರೆ ಅವರ ಕಪಾಟಿನಲ್ಲಿಡಿ. ಎರಡು ತಿಂಗಳಿಗೊಮ್ಮೆ ತಂದು ಹೊಸತನ್ನು ತುಂಬಿಸಿದರಾಯಿತು.

ಕ್ಯಾಸೆಟ್‌ಗಳ ವಿಷಯ. ಡಿವಿ ವಿಡಿಯೊ ಗಂಟೆಗೆ ಸುಮಾರು 13 ಜಿಬಿ. ಒಂದೊಂದು ಕ್ಯಾಸೆಟ್ ಒಂದು ಗಂಟೆಯದು ಎಂದರೂ 120ಕ್ಕೆ 1.5 ಟಿಬಿಯಷ್ಟೇ ಆಯಿತು. ಜಾಗ ಉಳಿಸಲೆಂದು ಅದನ್ನು ಎಂಪಿ4 ಮಾಡಿ ಮೂಲ ಫೈಲ್ ಅಳಿಸಬೇಡಿ. ಟಿವಿಯಲ್ಲಿ ನೋಡಲು ಎಂಪಿ4 ಬೇರೆ ಇರಲಿ. ಕ್ಯಾಸೆಟ್‌ಗಳನ್ನೂ ಎಸೆಯಬೇಡಿ, ಆದರೆ ಅವನ್ನು ಓದುವ ಕ್ಯಾಮೆರಾ ಕೆಟ್ಟರೆ ರಿಪೇರಿ ಮಾಡುವವರು ಸಿಗುವುದು ಕಷ್ಟ.

ಹಳೆಯ ಪವರ್ ಸಪ್ಲೈ ಬದಲಿಸಿ. ಸಾಟಾ ಪವರ್ ಕನೆಕ್ಟರ್ ಸಾಲದೆಂದು ಮೋಲೆಕ್ಸ್ ಎಂಬ ಹಳೆಯ ನಾಲ್ಕು ಪಿನ್ನಿನ ಕನೆಕ್ಟರ್‌ನಿಂದ ಸಾಟಾಕ್ಕೆ ಹೋಗುವ ಅಡಾಪ್ಟರ್ ಹಾಕುವುದಾದರೆ, ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದದ್ದು ಬೇಡ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಕರಗಿದ, ಹೊತ್ತಿದ ಉದಾಹರಣೆಗಳಿವೆ. ಇನ್ವರ್ಟರ್ ಇದ್ದರೆ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ, ಇಲ್ಲವಾದರೆ ಕರೆಂಟ್ ಹೋದಾಗಲೆಲ್ಲ ಯಂತ್ರ ರೀಸ್ಟಾರ್ಟ್ ಆದೀತು. ಯುಎಸ್‌ಬಿ ವೈರ್ ಇರುವ ಸಣ್ಣ ಯುಪಿಎಸ್ ಆದರೆ ಬ್ಯಾಟರಿ ಮುಗಿಯುವ ಮೊದಲು ತಾನಾಗಿ ಶಟ್‌ಡೌನ್ ಮಾಡಿಸಬಹುದು.

ಡಿಸ್ಕ್ ಮನೆಗೆ ಬಂದ ದಿನವೇ ಡೇಟಾ ತುಂಬಬೇಡಿ. ಮೊದಲು ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸ್ಮಾರ್ಟ್ ಲಾಂಗ್ ಟೆಸ್ಟ್ ಓಡಿಸಿ. 12 ಟಿಬಿಗೆ ಹತ್ತಿರಹತ್ತಿರ ಒಂದು ದಿನ ಬೇಕು. ಮುಗಿದ ಮೇಲೆ ವರದಿಯ 5, 197, 198ನೇ ಸಾಲುಗಳ (ಕೆಟ್ಟ ಅಥವಾ ಕೆಟ್ಟಿರುವ ಅನುಮಾನವಿರುವ ಸೆಕ್ಟರುಗಳ ಎಣಿಕೆ) ರಾ ಸಂಖ್ಯೆ ನೋಡಿ. ಹೊಸ ಡಿಸ್ಕ್‌ನಲ್ಲಿ ಮೂರೂ ಸೊನ್ನೆ ಇರಬೇಕು. ಇಲ್ಲದಿದ್ದರೆ ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಬದಲಿಸಿಕೊಳ್ಳಿ. 199ನೆಯದು (ಡೇಟಾ ಸಾಗಣೆಯಲ್ಲಾದ ತಪ್ಪುಗಳ ಎಣಿಕೆ) ಏರುತ್ತಿದ್ದರೆ ತಪ್ಪು ಬಹುಮಟ್ಟಿಗೆ ಡಿಸ್ಕ್‌ನದಲ್ಲ, ಸಾಟಾ ಕೇಬಲ್‌ನದು.