ಸುಂಕ ಚಿಕ್ಕದಾದರೂ ಬಂಡಾಯವೇಕೆ?

ಮಾನ್ಯ ಓದುಗರೇ,

ಪೌಂಡಿಗೆ ಮೂರು ಪೆನ್ಸ್‌ನ ಚಹಾ ಸುಂಕಕ್ಕಾಗಿ ಅಮೆರಿಕದ ವಸಾಹತುಗಳು ಬ್ರಿಟನ್ನಿನಿಂದ ಬೇರೆಯಾದವೆಂದರೆ ನಂಬುವುದು ಕಷ್ಟ, ವರ್ತಕರು ತಮ್ಮ ನಷ್ಟಕ್ಕೆ ಸ್ವಾತಂತ್ರ್ಯದ ಹೆಸರು ಕೊಟ್ಟರಲ್ಲವೇ ಎಂದು ತಾವು ಕೇಳಿದ್ದೀರಿ. ತಮ್ಮ ಸಂಶಯ ನಿರಾಧಾರವಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ವಸಾಹತುಗಳಲ್ಲಿ ನೇರವಾಗಿ ಚಹಾ ಮಾರಲು ಬಿಟ್ಟ 1773ರ ಚಹಾ ಕಾಯ್ದೆಯಿಂದ ಅಲ್ಲಿ ಚಹಾ ಅಗ್ಗವಾಗುವುದಿತ್ತು; ಅದರಿಂದ ಕಳ್ಳಸಾಗಣೆಯ ಚಹಾ ಮಾರುತ್ತಿದ್ದವರ ಲಾಭಕ್ಕೆ ಕುತ್ತು ಬರುತ್ತಿತ್ತು. ಬ್ರಿಟನ್ನಿನ ಜನರು ತೆರುತ್ತಿದ್ದ ತೆರಿಗೆಯಂತೂ ವಸಾಹತಿನವರದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಆದರೂ ವರ್ತಕರ ಲಾಭವೊಂದರಿಂದಲೇ ಈ ಕ್ರಾಂತಿ ಅರ್ಥವಾಗುವುದಿಲ್ಲ.

ಸುಂಕದ ಹಣ ಯಾರ ಸಂಬಳಕ್ಕೆ ಹೋಗಬೇಕಾಗಿತ್ತೆಂಬುದನ್ನು ಗಮನಿಸಬೇಕು. ಬಹುಪಾಲು ವಸಾಹತುಗಳಲ್ಲಿ ಗವರ್ನರನ ಸಂಬಳವನ್ನು ಅಲ್ಲಿನ ಚುನಾಯಿತ ಸಭೆಯೇ ಮಂಜೂರು ಮಾಡುತ್ತಿತ್ತು. ದೊರೆಯ ಅಧಿಕಾರಿ ಸ್ಥಳೀಯರ ಮಾತಿಗೆ ಕಿವಿಗೊಡುತ್ತಿದ್ದದ್ದು ಬಹುಮಟ್ಟಿಗೆ ಈ ಕಾರಣದಿಂದ. 1767ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಚಾರ್ಲ್ಸ್ ಟೌನ್‌ಶೆಂಡ್ ಗಾಜು, ಸೀಸ, ಬಣ್ಣ, ಕಾಗದ, ಚಹಾಗಳ ಮೇಲೆ ಸುಂಕ ಹೇರಿದಾಗ, ಆ ಹಣದಿಂದ ಗವರ್ನರರಿಗೂ ನ್ಯಾಯಾಧೀಶರಿಗೂ ಸಂಬಳ ಕೊಟ್ಟು ಅವರನ್ನು ಸಭೆಗಳ ಹಂಗಿನಿಂದ ಬಿಡಿಸುವುದು ಆತನ ಒಂದು ಮುಖ್ಯ ಉದ್ದೇಶವಾಗಿತ್ತು. ಅಂದರೆ, ಅಧಿಕಾರಿಗಳ ಮೇಲೆ ತಮಗಿದ್ದ ಒಂದೇ ಬಲವಾದ ಹಿಡಿತವನ್ನು ಸಡಿಲಿಸುವ ಖರ್ಚನ್ನೂ ಜನರೇ ಭರಿಸಬೇಕಿತ್ತು. ನನ್ನ ದೃಷ್ಟಿಯಲ್ಲಿ ಬಂಡಾಯದ ಬೇರು ಇರುವುದು ಇಲ್ಲಿ. ವಸಾಹತುಗಳ ಕಾಗದಪತ್ರಗಳ ಮೇಲೆ ತೆರಿಗೆ ಹೇರಿದ್ದ ಸ್ಟಾಂಪ್ ಕಾಯ್ದೆಯನ್ನು 1766ರಲ್ಲಿ ಹಿಂತೆಗೆದುಕೊಂಡಾಗಲೂ ಬ್ರಿಟನ್ನಿನ ಪಾರ್ಲಿಮೆಂಟು, ವಸಾಹತುಗಳ ಸಕಲ ವಿಷಯಗಳಲ್ಲೂ ಶಾಸನ ಮಾಡುವ ಅಧಿಕಾರ ತನಗಿದೆಯೆಂದು ಬೇರೊಂದು ಕಾಯ್ದೆಯಿಂದ ಸಾರಿತ್ತು. 1770ರಲ್ಲಿ ಉಳಿದ ಸುಂಕಗಳನ್ನು ಕೈಬಿಟ್ಟು ಚಹಾದ ಸುಂಕವನ್ನು ಮಾತ್ರ ಇಟ್ಟುಕೊಂಡದ್ದೂ ಆ ಹಕ್ಕನ್ನು ಉಳಿಸಿಕೊಳ್ಳಲೆಂದೇ. ಆ ಪಾರ್ಲಿಮೆಂಟಿಗೆ ವಸಾಹತುಗಳಿಂದ ಆರಿಸಿ ಹೋದವರು ಒಬ್ಬರೂ ಇರಲಿಲ್ಲ.

1773ರ ಡಿಸೆಂಬರ್ 16ರಂದು ಮ್ಯಾಸಚೂಸೆಟ್ಸ್ ವಸಾಹತಿನ ಬಾಸ್ಟನ್ ಬಂದರಿನಲ್ಲಿ ಸುಂಕದ ವಿರೋಧಿಗಳು 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಚೆಲ್ಲಿದ್ದು ತಮಗೆ ತಿಳಿದೇ ಇದೆ. ಅದಕ್ಕಿಂತ ಮುಖ್ಯವಾದದ್ದು ಮರುವರ್ಷದ ದಂಡನೆ: ಲಂಡನ್ ಸರ್ಕಾರವು ಬಂದರನ್ನು ಮುಚ್ಚಿ, ಮ್ಯಾಸಚೂಸೆಟ್ಸಿನ ಊರ ಸಭೆಗಳಿಗೂ ಕಡಿವಾಣ ಹಾಕಿದ್ದರಿಂದ, ಚಹಾ ಚೆಲ್ಲಿದ್ದನ್ನು ಒಪ್ಪದ ಅನೇಕರೂ ಬಂಡಾಯದ ಕಡೆಗೆ ವಾಲಿದರು. 1775ರ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾಯಿತು.

ಆ ಚಹಾ ಈಸ್ಟ್ ಇಂಡಿಯಾ ಕಂಪನಿಯದಾಗಿತ್ತೆಂಬುದನ್ನು ನಾವು ಮರೆಯಲಾಗದು. ಅದೇ ಕಂಪನಿ 1770ರ ಭೀಕರ ಕ್ಷಾಮದಲ್ಲೂ ಬಂಗಾಳದಲ್ಲಿ ಕಂದಾಯ ಬಿಡಲಿಲ್ಲ; 1771ರ ವಸೂಲಿ 1768ರದ್ದನ್ನೂ ಮೀರಿತೆಂದು ವಾರನ್ ಹೇಸ್ಟಿಂಗ್ಸನೇ ವರದಿ ಮಾಡಿದ್ದಾನೆ. ಹೊರೆಯೊಂದರಿಂದಲೇ ಕ್ರಾಂತಿಯಾಗುವುದಿದ್ದರೆ ಅದು ಮೊದಲು ಬಂಗಾಳದಲ್ಲಿ ಆಗಬೇಕಿತ್ತು. ಅಲ್ಲಿಯೂ ದಂಗೆಗಳೆದ್ದವು, ಆದರೆ ಬಾಸ್ಟನ್ನಿನವರಿಗಿದ್ದ ಚುನಾಯಿತ ಸಭೆ, ಪತ್ರಿಕೆ, ಊರೂರುಗಳ ನಡುವೆ ಸುದ್ದಿ ಹಂಚುತ್ತಿದ್ದ ಪತ್ರವ್ಯವಹಾರ ಸಮಿತಿ, ಇವಾವುವೂ ಹಸಿದ ಆ ರೈತರಿಗಿರಲಿಲ್ಲ.

— ಸಂಪಾದಕ