ಅಡಿಕೆ ಸಾಗಾಟಕ್ಕೆ ತೆರೆದ ಪಿಕಪ್ಪೋ, ಮುಚ್ಚಿದ ಬಾಡಿಯೋ?

ಪ್ರಶ್ನೆ: ತೋಟದ ಚಾಲಿ ಅಡಿಕೆ (ಬಿಸಿಲಿಗೆ ಒಣಗಿಸಿ ಸುಲಿದದ್ದು), ತೆಂಗಿನಕಾಯಿ, ಬಾಳೆಗೊನೆಗಳನ್ನು ಪುತ್ತೂರು, ಮಂಗಳೂರಿಗೆ ನಾವೇ ಒಯ್ಯಲು ಪಿಕಪ್ ಕೊಳ್ಳಬೇಕೆಂದಿದ್ದೇವೆ. ಮಳೆಗಾಲದ ಚಿಂತೆ. ಕಂಟೈನರಿನಂತೆ ಮುಚ್ಚಿದ ಬಾಡಿ ಬೇಕೇ, ತೆರೆದ ಬಾಡಿಗೆ ಟರ್ಪಾಲು ಹಾಕಿದರೆ ಸಾಕೇ?
— ಓದುಗರು, ಪೆರ್ಲ

ಉತ್ತರ: ನೀವು ಒಯ್ಯುವ ಸರಕು ನೋಡಿದರೆ ತೆರೆದ ಬಾಡಿಯೇ ಸರಿ. ಬಾಳೆಗೊನೆ ಕೊಯ್ದ ಮೇಲೂ ಉಸಿರಾಡುತ್ತದೆ, ಬಿಸಿ ಬಿಡುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಒತ್ತಾಗಿ ತುಂಬಿದರೆ ಬೇಗ ಹಣ್ಣಾಗಿಬಿಡುತ್ತದೆ. ತೆರೆದ ಪಿಕಪ್ಪಿಗೆ ಅಂಗಳದಲ್ಲಿ ಮೂರು ಬದಿಯಿಂದಲೂ ಲೋಡು ಮಾಡಬಹುದು. ಮುಚ್ಚಿದ್ದಕ್ಕೆ ಹಿಂದಿನ ಬಾಗಿಲೊಂದೇ ದಾರಿ. ತೋಟದ ದಾರಿಗೆ ಬಾಗಿದ ಹಲಸಿನ ಕೊಂಬೆ, ಇಳಿಬಿದ್ದ ಕರೆಂಟಿನ ತಂತಿ ಇದ್ದರೆ ಮುಚ್ಚಿದ ಬಾಡಿಯ ಎತ್ತರವೂ ತೊಡಕು.

ಚಾಲಿಯ ವಿಷಯ ಬೇರೆ. ಮುಚ್ಚಿದ ಬಾಡಿಯೊಳಗೆ ಅಡಿಕೆ ಒದ್ದೆಯಾಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಅದು ಅರ್ಧ ಸತ್ಯ. ಸಂಜೆ ಲೋಡು ಮಾಡಿ ಬಾಗಿಲು ಹಾಕಿಟ್ಟರೆ, ಗೋಣಿಯಲ್ಲಿರುವ ಪಸೆ ಒಳಗಿನ ಗಾಳಿಗೆ ಸೇರುತ್ತದೆ. ರಾತ್ರಿ ಮೇಲಿನ ತಗಡು ತಣ್ಣಗಾದಾಗ ಆ ಪಸೆ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ಬೆಳಗ್ಗೆ ಬಾಗಿಲು ತೆಗೆದರೆ ಮೇಲಿನ ಸಾಲಿನ ಗೋಣಿಗಳ ಮೇಲೆ ನಾಣ್ಯದಗಲದ ಒದ್ದೆ ಕಲೆಗಳು ಕಾಣುತ್ತವೆ. ಬೂಷ್ಟು ಹಿಡಿಯುವುದು ಅಲ್ಲಿಂದಲೇ. ಆದ್ದರಿಂದ ಮುಚ್ಚಿದ ಬಾಡಿಯೇ ಬೇಕೆಂದರೆ ಮುಂದೆ ಕೆಳಗೊಂದು, ಹಿಂದೆ ಮೇಲೊಂದು ಜಾಲರಿಯ ಗಾಳಿಕಿಂಡಿ ಇರಲಿ. ನೆಲಕ್ಕೆ ಮರದ ರೀಪು ಹಾಕಿ, ಮೇಲಿನ ಸಾಲಿನ ಮೇಲೆ ಒಣ ಖಾಲಿ ಗೋಣಿ ಹಾಸಿ. ರಾತ್ರಿ ತುಂಬಿಸಿಡಬೇಡಿ, ಹೊರಡುವ ದಿನವೇ ತುಂಬಿ.

ತೆರೆದ ಬಾಡಿಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಟರ್ಪಾಲು ಚಿಕ್ಕದಾದಾಗ. 9 ಅಡಿ ಉದ್ದ, 5.5 ಅಡಿ ಅಗಲದ ಬಾಡಿಯಲ್ಲಿ ಸರಕು ಬದಿಯ ಹಲಗೆಗಿಂತ 3 ಅಡಿ ಮೇಲೆ ಬಂದರೆ ಅಗಲಕ್ಕೆ 5.5, ಎರಡು ಬದಿಗೆ ಮೂರರಂತೆ 6, ಹಲಗೆಯ ಹೊರಗೆ ಇಳಿಬಿಡಲು ಒಂದೂವರೆಯಂತೆ 3, ಒಟ್ಟು 14.5 ಅಡಿ. ಉದ್ದಕ್ಕೂ ಇದೇ ಲೆಕ್ಕ, 18 ಅಡಿ. ಅಂದರೆ 18×15ರದ್ದು ಬೇಕು. ಅಂಚು ಹಲಗೆಯ ಹೊರಗೇ ಇಳಿಯಬೇಕು. ಒಳಗೆ ತುರುಕಿದರೆ ಹರಿದ ನೀರೆಲ್ಲ ನೆಲದ ಗೋಣಿಗೆ ಇಳಿಯುತ್ತದೆ. ಈ ಒಂದು ತಪ್ಪಿನಿಂದಲೇ ಎಷ್ಟೋ ಲೋಡು ಹಾಳಾಗುತ್ತದೆ.

ನಡುವಿನ ಸಾಲನ್ನು ಒಂದು ಗೋಣಿ ಎತ್ತರ ಮಾಡಿ, ಮನೆಯ ಮಾಡಿನ ಹಾಗೆ ಇಳಿಜಾರು ಸಿಗಲಿ. ಸಮತಟ್ಟಾದರೆ ನೀರು ಗುಂಡಿಯಾಗಿ ನಿಂತು ಹೊಲಿಗೆಯಲ್ಲಿ ಜಿನುಗುತ್ತದೆ. ಎರಡು ಟರ್ಪಾಲು ಜೋಡಿಸುವುದಾದರೆ ಮುಂದಿನದರ ಅಂಚು ಹಿಂದಿನದರ ಮೇಲೆ ಬರಲಿ. ತಿರುವುಮುರುವಾದರೆ ಓಟದ ಗಾಳಿ ಮಳೆಯನ್ನು ಒಳಗೆ ನುಗ್ಗಿಸುತ್ತದೆ. ಕಬ್ಬಿಣದ ಮೂಲೆ ತಾಗುವಲ್ಲಿ ಹಳೆ ಗೋಣಿ ಮಡಚಿ ಇಡಿ. ಟರ್ಪಾಲು ಮೊದಲು ತೂತಾಗುವುದು ಅಲ್ಲೇ. ಹಿಂದಿನ ಹಲಗೆಯ ಸಂದಿಯಿಂದ ಚಕ್ರದ ರಾಡಿ ನೀರು ಒಳಗೆ ಸಿಡಿಯುವುದರಿಂದ ನೆಲಕ್ಕೂ ಪ್ಲಾಸ್ಟಿಕ್ ಹಾಳೆ ಬೇಕು.

ಅಡಿಕೆ ಹಾಳೆಯ ತಟ್ಟೆಯಂಥ ಹಗುರ ಸರಕನ್ನೇ ವರ್ಷವಿಡೀ ಒಯ್ಯುವವರಿಗೆ ಮಾತ್ರ ಮುಚ್ಚಿದ ಬಾಡಿ ನಿಜಕ್ಕೂ ಲಾಭ.

ಪ್ರಶ್ನೆ: ಈಗಿರುವ ಪಿಕಪ್ಪಿಗೇ ಮುಚ್ಚಿದ ಬಾಡಿ ಕಟ್ಟಿಸಬಹುದೇ? ಸೆಕೆಂಡ್‌ಹ್ಯಾಂಡ್ ಬಾಡಿ ಸಿಗುತ್ತಿದೆ.
— ಓದುಗರು, ಮುಳ್ಳೇರಿಯ

ಉತ್ತರ: ಕಟ್ಟಿಸುವ ಮೊದಲು ಆರ್‌ಟಿಒ ಅನುಮತಿ ಪಡೆದು, ಆಮೇಲೆ ಆರ್‌ಸಿಯಲ್ಲಿ ತಿದ್ದಿಸಬೇಕು. ವಿಮಾ ಕಂಪನಿಗೂ ತಿಳಿಸಿ. ಬಾಡಿಯ ತೂಕ ನಿಮ್ಮ ಸರಕಿನ ಪಾಲಿನಿಂದಲೇ ಕಡಿತವಾಗುತ್ತದೆ. ಗಾಡಿ 1,500 ಕಿಲೋ ಹೊರುವುದು, ಹೊಸ ಬಾಡಿ ಹಳೆಯದಕ್ಕಿಂತ 250 ಕಿಲೋ ಭಾರ ಎಂದಿಟ್ಟುಕೊಳ್ಳಿ. 65 ಕಿಲೋದ ಗೋಣಿ 23 ಹಿಡಿಯುತ್ತಿದ್ದಲ್ಲಿ ಇನ್ನು 19 ಮಾತ್ರ. ಹೆಚ್ಚು ತುಂಬಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000.

ಹಳೆ ಬಾಡಿಯನ್ನು ನಡು ಮಧ್ಯಾಹ್ನ ನೋಡಲು ಹೋಗಿ. ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಿ, ಹೊರಗೆ ಒಬ್ಬರು ಕಾದಿರಲಿ. ಬೆಳಕು ತೂರಿದ ಕಡೆಯೆಲ್ಲ ನೀರೂ ತೂರುತ್ತದೆ. ಬಾಗಿಲಿನ ರಬ್ಬರು ಒತ್ತಿ ನೋಡಿ, ಗಟ್ಟಿಯಾಗಿ ಸೀಳಿದ್ದರೆ ಬದಲಿಸಬೇಕು. ನೆಲದ ಹಲಗೆಗೆ ಮೂಲೆಗಳಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಮೆತ್ತಗೆ ಇಳಿದರೆ ಆ ಬಾಡಿ ಬೇಡ.